ಮುತ್ತತ್ತಿ ಕಡೆಗೆ ಕಾಳ್ಗಿಚ್ಚು ಬಂದರೆ: ತಿಳಿದಿರಬೇಕಾದ ಸಂಗತಿಗಳು

ಮಂಡ್ಯ ಅಂದ್ರೆ ಕಬ್ಬು, ಭತ್ತ, ನಾಲೆ ನೀರು ಅಷ್ಟೇ ಅಂದುಕೊಂಡವರು ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ ನೋಡಬೇಕು. ಬೇಸಿಗೆಗೆ ಎಲೆ ಉದುರಿಸುವ ಒಣ ಕಾಡು, ಕುರುಚಲು ಬೆಟ್ಟ, ಕೆಳಗೆ ಕಾವೇರಿ ಕಣಿವೆ, ಹೊಳೆ ದಡದಲ್ಲಿ ಮುತ್ತತ್ತಿರಾಯನ ಗುಡಿ. ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ. ಇಲ್ಲಿ ಆನೆಗಳಿವೆ, ಅಪರೂಪದ ಬೂದು ದೊಡ್ಡಳಿಲು ಇದೆ, ಜನರೂ ಇದ್ದಾರೆ. ಬೆಂಕಿ ಬಂದಾಗ ನಾವು ಮರೆಯೋದು ಈ ಕೊನೆಯವರನ್ನೇ.

ಬೆಂಕಿ ಯಾಕೆ ಬೀಳುತ್ತೆ?

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಲದ ತುಂಬ ತರಗೆಲೆ, ಒಣ ಹುಲ್ಲು, ಲಂಟಾನ. ನಮ್ಮ ದೇಶದ ಬಹುತೇಕ ಕಾಳ್ಗಿಚ್ಚು ಶುರುವಾಗೋದು ಮನುಷ್ಯರಿಂದಲೇ. ಹಾಗಂತ ದನ ಮೇಯಿಸುವವರನ್ನಷ್ಟೇ ದೂರಿ ಕೈತೊಳೆದುಕೊಳ್ಳೋದು ಅನ್ಯಾಯ. ಕಾರಿಂದ ಎಸೆದ ಸಿಗರೇಟು, ಪರ ಮಾಡಿ ಆರಿಸದೆ ಬಿಟ್ಟ ಒಲೆ ಕೂಡ ಸಾಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಸೆಕ್ಷನ್ ಪ್ರಕಾರ ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಉರಿಯಲು ಬಿಟ್ಟು ಹೋಗೋದೂ ಅಪರಾಧ.

ಕಣಿವೆಯಲ್ಲಿ ಅಪಾಯ ಯಾಕೆ ಜಾಸ್ತಿ?

ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಿರುತ್ತೆ. ತಾಗುವ ಮೊದಲೇ ಅದನ್ನು ಕಾಯಿಸಿ ಒಣಗಿಸುತ್ತೆ. ಇಳಿಜಾರು 10 ಡಿಗ್ರಿ ಏರಿದರೆ ಬೆಂಕಿ ಮೇಲೇರುವ ವೇಗ ಸುಮಾರು ಎರಡು ಪಟ್ಟಾಗುತ್ತೆ ಅನ್ನೋದು ಬೆಂಕಿ ಆರಿಸುವವರ ಲೆಕ್ಕ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಣಿವೆಯಂಚಿನ ಪ್ಯಾರಡೈಸ್ ಪಟ್ಟಣ ಸುಟ್ಟಾಗ 85 ಜನ ಸತ್ತರು. ಊರು ಬಿಡುವ ರಸ್ತೆಗಳಲ್ಲೇ ವಾಹನಗಳು ಸಿಕ್ಕಿಕೊಂಡಿದ್ದವು. ಮುತ್ತತ್ತಿಗೆ ಬರುವ ದಾರಿಯೂ ಕಾಡಿನ ನಡುವಿನದೇ. ಜನ ತುಂಬಿದ ಶನಿವಾರವೊಂದನ್ನು ಊಹಿಸಿಕೊಳ್ಳಿ.

ಸರ್ಕಾರದ ವ್ಯವಸ್ಥೆ ಏನು?

ಬೇಸಿಗೆಗೆ ಮೊದಲು ಅರಣ್ಯ ಇಲಾಖೆ ಬೆಂಕಿ ರೇಖೆ ಮಾಡುತ್ತೆ, ಹಂಗಾಮಿ ಕಾವಲುಗಾರರನ್ನು ನೇಮಿಸುತ್ತೆ. ಉಪಗ್ರಹ ಬಿಸಿಜಾಗ ಗುರುತಿಸಿದರೆ ಭಾರತೀಯ ಅರಣ್ಯ ಸರ್ವೇಕ್ಷಣೆ ಎಚ್ಚರಿಕೆ ಕಳಿಸುತ್ತೆ. ನೋಂದಾಯಿಸಿಕೊಂಡ ಯಾರಿಗಾದರೂ ಅದು ಸಿಗುತ್ತೆ. ಆದರೆ ಉಪಗ್ರಹ ತಲೆ ಮೇಲೆ ಹಾದುಹೋಗುವಾಗ ಮಾತ್ರ ನೋಡಬಲ್ಲದು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ವಾಯುಪಡೆ ಹೆಲಿಕಾಪ್ಟರ್ ಬರುವ ಹೊತ್ತಿಗೆ ಸಾವಿರಾರು ಎಕರೆ ಸುಟ್ಟಿತ್ತು. 2017ರಲ್ಲಿ ಅದೇ ಬಂಡೀಪುರದಲ್ಲಿ ಅರಣ್ಯ ರಕ್ಷಕರೊಬ್ಬರು ಬೆಂಕಿಗೆ ಬಲಿಯಾದರು. ಮೊದಲ ಒಂದು ಗಂಟೆ ಹಸಿ ಸೊಪ್ಪು ಹಿಡಿದು ಬಡಿಯುವವರ ಮೇಲೇ ನಿಂತಿದೆ.

ನಾವೇನು ಮಾಡ್ಬೇಕು?

- ಹೊಗೆ ಕಂಡ ಕೂಡಲೇ 112ಕ್ಕೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ವಿಡಿಯೋ ಆಮೇಲೆ.
- ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ನಿಲ್ಲಬೇಡಿ.
- ಮನೆ, ಕೊಟ್ಟಿಗೆ ಸುತ್ತ ತರಗು ಗುಡಿಸಿ. ಹುಲ್ಲಿನ ಬಣವೆ ದೂರ ಇರಲಿ.
- ದಾರಿ ಮುಚ್ಚಿದರೆ ಮರಳು, ಬಂಡೆಯ ಬಯಲು ದಡಕ್ಕೆ ಹೋಗಿ. ಹೊಳೆಗೆ ಧುಮುಕಬೇಡಿ, ಇಲ್ಲಿನ ಸುಳಿಗಳು ಜೀವ ತೆಗೆದಿವೆ.
- ದನಕರುಗಳ ಹಗ್ಗ ಬಿಚ್ಚಿ.

ಇಷ್ಟೂ ಮಾಡಿದರೂ ಸಾಲದು, ಯಾಕಂದ್ರೆ ಇದು ಬರೀ ಎಚ್ಚರಿಕೆಯ ವಿಷಯವಲ್ಲ, ಹಕ್ಕಿನ ವಿಷಯ. ನನ್ನ ಪ್ರಕಾರ ಕಾಡಂಚಿನ ಪ್ರತಿ ಗ್ರಾಮಸಭೆ ಜನವರಿಯಲ್ಲೇ ಮೂರು ಪ್ರಶ್ನೆ ಕೇಳಬೇಕು: ಬೆಂಕಿ ರೇಖೆ ಆಯ್ತಾ? ಕಾವಲುಗಾರರಿಗೆ ಸಂಬಳ, ಬೂಟು, ವಿಮೆ ಇದೆಯಾ? ನಡೆಯಲಾಗದ ಅಜ್ಜ-ಅಜ್ಜಿಯರನ್ನು ಯಾವ ಗಾಡಿ ಕರೆದೊಯ್ಯುತ್ತೆ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಮಾರ್ಚ್‌ನಲ್ಲಿ ಕೇಳಿದರೆ ತಡವಾಗಿರುತ್ತೆ.