ಕ್ಯಾಲ್ಕುಲೇಟರಿನ ಅಂಕಿಗಳನ್ನು ಎಷ್ಟು ನಂಬಬಹುದು?

1972ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಎಚ್‌ಪಿ-35 ಎಂಬ ಯಂತ್ರವನ್ನು 395 ಡಾಲರಿಗೆ ಮಾರಾಟಕ್ಕೆ ತಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಮೊದಲ ವೈಜ್ಞಾನಿಕ ಕ್ಯಾಲ್ಕುಲೇಟರ್ ಅದು. ಅದುವರೆಗೆ ಎಂಜಿನಿಯರುಗಳು ಬಳಸುತ್ತಿದ್ದ ಸ್ಲೈಡ್ ರೂಲಿನಲ್ಲಿ ಮೂರು ಅಂಕಿ ಸಿಕ್ಕರೆ ಹೆಚ್ಚು. ನಮ್ಮ ಕಾಲೇಜುಗಳ ಕ್ಲಾರ್ಕ್ಸ್ ಟೇಬಲಿನಲ್ಲಿ ನಾಲ್ಕು. ಹೊಸ ಯಂತ್ರ ಹತ್ತು ಅಂಕಿಗಳನ್ನು ಬೆಳಗಿಸಿತು. ಅವೆಲ್ಲವೂ ಸರಿಯೇ ಎಂಬ ನಂಬಿಕೆಯೂ ಜೊತೆಗೇ ಬಂತು. (ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷವನ್ನು ಒಂಬತ್ತು ದಶಮಾಂಶ ಸ್ಥಾನಗಳವರೆಗೆ ಬರೆದು ತರುವ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ!)

ಆರಂಭದ ಎಚ್‌ಪಿ-35ಗಳಲ್ಲಿ 2.02ರ ಸ್ವಾಭಾವಿಕ ಲಾಗರಿತಮ್ ತೆಗೆದು, ಅದರ ಆಂಟಿಲಾಗ್ ಕಂಡುಹಿಡಿದರೆ 2.02ರ ಬದಲು 2 ಬರುತ್ತಿತ್ತು. ಇದು ಯಂತ್ರದೊಳಗಿನ ಪ್ರೋಗ್ರಾಮಿನ ತಪ್ಪು. ಕಂಪನಿ ಅದನ್ನು ತಿದ್ದಿ, ಕೊಂಡವರಿಗೆ ಬದಲಾಯಿಸಿಕೊಡಲು ಮುಂದಾಯಿತು. ಯಾವ ತಪ್ಪೂ ಇಲ್ಲದೆ ತಪ್ಪು ಉತ್ತರ ಬರುವ ಸಂದರ್ಭ ಇದಕ್ಕಿಂತ ಕುತೂಹಲಕರ.

1982ರ ಎಚ್‌ಪಿ-15ಸಿ ಯಂತ್ರದ ಕೈಪಿಡಿಯಲ್ಲಿ ಕಂಪನಿಯೇ ಅಂಥದೊಂದು ಲೆಕ್ಕವನ್ನು ಅಚ್ಚು ಹಾಕಿಸಿತು. ಸಲಹೆಗಾರ್ತಿಯೊಬ್ಬಳಿಗೆ ವರ್ಷವಿಡೀ ಸೆಕೆಂಡಿಗೆ ಒಂದು ಸೆಂಟ್ ಸಂಬಳ. ಹಣ ಬ್ಯಾಂಕಿಗೆ ಜಮಾ, ವಾರ್ಷಿಕ ಶೇ. 11.25 ಬಡ್ಡಿ, ಪ್ರತಿ ಸೆಕೆಂಡಿಗೂ ಚಕ್ರಬಡ್ಡಿ. ಗುಣೋತ್ತರ ಶ್ರೇಢಿಯ ಸೂತ್ರ ಬಳಸಿದಾಗ ಯಂತ್ರ ತೋರಿಸಿದ್ದು 3,76,877.67 ಡಾಲರ್. ಬ್ಯಾಂಕಿನಲ್ಲಿ ಇದ್ದದ್ದು 3,33,783.35 ಡಾಲರ್. ಕಂಡ ಎಂಟು ಅಂಕಿಗಳಲ್ಲಿ ಸರಿಯಾದದ್ದು ಮೊದಲಿನ 3 ಒಂದೇ!

43 ಸಾವಿರ ಡಾಲರುಗಳ ಈ ವ್ಯತ್ಯಾಸ ಎಲ್ಲಿಂದ ಬಂತು? ವರ್ಷಕ್ಕೆ 3,15,36,000 ಸೆಕೆಂಡುಗಳು. 0.1125ನ್ನು ಇದರಿಂದ ಭಾಗಿಸಿದರೆ ಸೆಕೆಂಡಿನ ಬಡ್ಡಿದರ 0.000000003567351598. ಇಲ್ಲಿಯವರೆಗೆ ಹತ್ತು ಅಂಕಿಗಳೂ ಸರಿ. ಇದಕ್ಕೆ 1 ಕೂಡಿಸಿದೊಡನೆ ಹತ್ತು ಅಂಕಿಗಳ ಜಾಗದಲ್ಲಿ ಹಿಡಿಯುವುದು 1.000000004 ಮಾತ್ರ. ರೌಂಡ್ ಆಫ್ ಮಾಡಿದ್ದರಲ್ಲಿ ದೋಷವಿಲ್ಲ, ಆದರೆ 3.567 ಇದ್ದದ್ದು 4 ಆಯಿತು. ಬಡ್ಡಿದರವನ್ನು ಶೇ. 12.6ಕ್ಕೆ ಏರಿಸಿದಂತೆಯೇ ಸರಿ. ಯಂತ್ರ ಒಳಗೊಳಗೆ 13 ಅಂಕಿಗಳಲ್ಲಿ ಲೆಕ್ಕ ಹಾಕುತ್ತದಾದರೂ ಪ್ರತಿ ಹಂತದ ಫಲವನ್ನು ಹತ್ತಕ್ಕೆ ಇಳಿಸಿಬಿಡುವುದರಿಂದ ಇಲ್ಲಿ ಪ್ರಯೋಜನವಾಗದು.

ಅದೇ ಯಂತ್ರದಿಂದ ಸರಿಯುತ್ತರ ಪಡೆಯಬಹುದೆಂಬುದು ಈ ಕಥೆಯ ಸ್ವಾರಸ್ಯ. 1.000000004ರ ಸ್ವಾಭಾವಿಕ ಲಾಗರಿತಮ್ ತೆಗೆದು, ಅದನ್ನು 0.000000004ರಿಂದ ಭಾಗಿಸಿ, ನಿಜವಾದ ಬಡ್ಡಿದರದಿಂದ ಗುಣಿಸಿ. ಅಂಶ, ಛೇದ ಎರಡರಲ್ಲೂ ಒಂದೇ ದೋಷ ಇರುವುದರಿಂದ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಫಲವನ್ನು ಸೆಕೆಂಡುಗಳ ಸಂಖ್ಯೆಯಿಂದ ಗುಣಿಸಿದರೆ 0.1124999998. ಅದರ ಆಂಟಿಲಾಗಿನಿಂದ ಮುಂದುವರಿದರೆ ಬ್ಯಾಂಕಿನ ಮೊತ್ತವೇ ಬರುತ್ತದೆ. 1979ರ ಎಚ್‌ಪಿ-41ಸಿಯಲ್ಲಂತೂ ಒಂದಕ್ಕೆ ಅತಿ ಸಮೀಪದ ಸಂಖ್ಯೆಗಳ ಲಾಗರಿತಮ್ಮಿಗೆಂದೇ ಪ್ರತ್ಯೇಕ ಫಲನವಿತ್ತು.

ಅಂಕಿಗಳನ್ನು ಹೆಚ್ಚಿಸಿದರೆ ಸಾಲದೇ ಎಂದು ಕೇಳಬಹುದು. ಪ್ರತಿ ಹಂತವನ್ನೂ 15 ಅಂಕಿಗಳಿಗೆ ರೌಂಡ್ ಆಫ್ ಮಾಡುವ ಯಂತ್ರದಲ್ಲಿ ನೇರ ಸೂತ್ರವನ್ನೇ ಬಳಸಿದರೆ, ಆಗಲೂ ಸುಮಾರು 16 ಸೆಂಟ್ ಕಡಿಮೆ ಬರುತ್ತದೆ.