ಗಿರಿಯವರನ್ನು ಗೆಲ್ಲಿಸಿದ್ದು ಎರಡನೇ ಪ್ರಾಶಸ್ತ್ಯದ ಮತಗಳೇ? 1969ರ ಎಣಿಕೆಯ ಮರುಪರಿಶೀಲನೆ

1969ರ ರಾಷ್ಟ್ರಪತಿ ಚುನಾವಣೆಯ ಬಗ್ಗೆ ಕನ್ನಡದಲ್ಲಿ ಬರೆದವರಲ್ಲಿ ಹೆಚ್ಚಿನವರು ಒಂದು ವಾಕ್ಯವನ್ನು ಒಬ್ಬರಿಂದೊಬ್ಬರು ಪಡೆದುಕೊಂಡು ಬಂದಿದ್ದಾರೆ: ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಮತಗಳಿಂದ ಗೆದ್ದರು. ಪದವಿ ತರಗತಿಯ ಟಿಪ್ಪಣಿಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ, ಅಂಕಣಗಳಲ್ಲಿ ಇದೇ ಮಾತು. ಕಳೆದ ಅಮೆರಿಕ ಚುನಾವಣೆಯ ಬೆನ್ನಿಗೆ ಮಂಗಳೂರಿನ ದೇರೆಬೈಲ್‌ನ ಒಂದು ಸಣ್ಣ ಗೋಷ್ಠಿಯಲ್ಲಿ ಹಿರಿಯ ವಿದ್ವಾಂಸರೊಬ್ಬರು ಈ ವಾಕ್ಯಕ್ಕೆ ಇನ್ನೊಂದು ಮಹಡಿ ಕಟ್ಟಿದರು. ಅಮೆರಿಕದಲ್ಲಿ ಜನರ ಮತದಲ್ಲಿ ಹಿಂದುಳಿದವರು ಎಲೆಕ್ಟೋರಲ್ ಕಾಲೇಜಿನ ಕೃಪೆಯಿಂದ ಅಧ್ಯಕ್ಷರಾಗುತ್ತಾರಲ್ಲ, ನಮ್ಮಲ್ಲಿ ಗಿರಿ ಗೆದ್ದದ್ದೂ ಅದೇ ಬಗೆ. ನಮ್ಮ ಪದ್ಧತಿ ಅವರದರ ನಕಲು ಎಂಬುದಕ್ಕೆ 1969 ಸಾಕ್ಷಿ ಎಂದರು. ಅವರ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಅವರ ಇತರ ಬರಹಗಳಿಂದ ನಾನೂ ಕಲಿತಿದ್ದೇನೆ. ಆದರೆ ಈ ಎರಡೂ ಮಾತು ತಪ್ಪು. ಮೊದಲನೆಯದು ಏಕೆ ತಪ್ಪೆಂದು ತಿಳಿಯಲು ಚುನಾವಣಾ ಆಯೋಗದ ಬಳಿ ಇರುವ ಫಲಿತಾಂಶದ ಪಟ್ಟಿಯನ್ನು ಒಮ್ಮೆ ಕೂಡಿ ಕಳೆದು ನೋಡಿದ್ದರೆ ಸಾಕಿತ್ತು.

ಪಟ್ಟಿ ಇಷ್ಟು. ಕಣದಲ್ಲಿ 15 ಮಂದಿ ಇದ್ದರು. ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಗೆಲುವಿನ ಕೋಟಾ 4,18,169. ಮೊದಲ ಎಣಿಕೆಯಲ್ಲಿ ಗಿರಿ 4,01,515, ನೀಲಂ ಸಂಜೀವ ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಉಳಿದ ಹನ್ನೆರಡು ಮಂದಿಗೆ ಒಟ್ಟು ಸೇರಿ 8,505. ಕೊನೆಯ ಎಣಿಕೆಯಲ್ಲಿ ಗಿರಿ 4,20,077, ರೆಡ್ಡಿ 4,05,427.

ಈಗ ಕಳೆಯೋಣ. ಸ್ಪರ್ಧೆಯಿಂದ ಹೊರಬಿದ್ದವರ ಮತಪತ್ರಗಳ ಮೌಲ್ಯ 1,21,274. ಅದರಲ್ಲಿ ರೆಡ್ಡಿಯವರಿಗೆ ಹರಿದುಬಂದದ್ದು 91,879. ಗಿರಿಯವರಿಗೆ ಬಂದದ್ದು ಬರೀ 18,562. ಮುಂದಿನ ಪ್ರಾಶಸ್ತ್ಯ ನಮೂದಿಸದೆ ಯಾರಿಗೂ ಸೇರದೆ ಹೋದದ್ದು 10,833. ಎಂದರೆ ನೂರರಲ್ಲಿ 75ಕ್ಕೂ ಹೆಚ್ಚು ಪಾಲು ರೆಡ್ಡಿಯವರ ಕಡೆಗೆ, ಸುಮಾರು 15 ಪಾಲು ಗಿರಿಯವರ ಕಡೆಗೆ. ಮೊದಲ ಎಣಿಕೆಯಲ್ಲಿ 87,967 ಇದ್ದ ಗಿರಿಯವರ ಮುನ್ನಡೆ ಕೊನೆಗೆ 14,650ಕ್ಕೆ ಕುಸಿಯಿತು. ಎರಡನೇ ಪ್ರಾಶಸ್ತ್ಯ ಅವರನ್ನು ಗೆಲ್ಲಿಸಲಿಲ್ಲ, ಸೋಲಿನ ಅಂಚಿಗೆ ತಳ್ಳಿತು.

ಇದಕ್ಕೊಂದು ಆಕ್ಷೇಪ ಬರುತ್ತದೆ, ಗೋಷ್ಠಿಯಲ್ಲೂ ಬಂತು: ಏನೇ ಆದರೂ ಆ 18,562 ಇಲ್ಲದೆ ಅವರು ಕೋಟಾ ದಾಟುತ್ತಿರಲಿಲ್ಲವಲ್ಲ? ದಾಟುತ್ತಿರಲಿಲ್ಲ, ನಿಜ. ಕೋಟಾಕ್ಕೆ 16,654 ಕಡಿಮೆ ಇತ್ತು. ಆದರೆ ಕೋಟಾ ಮುಟ್ಟದವರು ಗೆಲ್ಲುವಂತಿಲ್ಲ ಎಂದು ಆಕ್ಷೇಪಿಸುವವರು ಭಾವಿಸಿದ್ದಾರೆ, ನಿಯಮ ಹಾಗಿಲ್ಲ. ಕಡಿಮೆ ಮತದವರನ್ನು ಒಬ್ಬೊಬ್ಬರಾಗಿ ಕೈಬಿಡುತ್ತಾ ಹೋಗಿ ಕೊನೆಗೆ ಒಬ್ಬರೇ ಉಳಿದರೆ, ಕೋಟಾ ಮುಟ್ಟದಿದ್ದರೂ ಅವರೇ ಆಯ್ಕೆಯಾದಂತೆ. ದೇಶಮುಖರಿಗೂ ಉಳಿದ ಹನ್ನೆರಡು ಮಂದಿಗೂ ಮತ ಹಾಕಿದವರಲ್ಲಿ ಒಬ್ಬರೂ ಎರಡನೇ ಹೆಸರು ಬರೆಯದೇ ಇದ್ದಿದ್ದರೆ ಏನಾಗುತ್ತಿತ್ತು? ದೇಶಮುಖ್ ಹೊರಗೆ, ಆಮೇಲೆ ರೆಡ್ಡಿ ಹೊರಗೆ, ಗಿರಿ 4,01,515 ಮತಗಳೊಂದಿಗೇ ರಾಷ್ಟ್ರಪತಿ. ಯಾವುದು ಇಲ್ಲದಿದ್ದರೂ ಫಲಿತಾಂಶ ಬದಲಾಗುವುದಿಲ್ಲವೋ ಅದನ್ನು ಆ ಫಲಿತಾಂಶದ ಕಾರಣವೆಂದು ಕರೆಯುವುದು ಯಾವ ತರ್ಕ?

ಯಾರಿಗೂ ಸೇರದ 10,833ರ ಮೇಲೆ ಕಣ್ಣಿಟ್ಟವರೂ ಇದ್ದಾರೆ. ಅಷ್ಟನ್ನೂ ರೆಡ್ಡಿಯವರಿಗೇ ಕೂಡಿಸಿ: 4,16,260. ಸಾಲದು. ರೆಡ್ಡಿಯವರಿಗೆ ಬೇಕಿದ್ದದ್ದು ಗಿರಿಯವರ ರಾಶಿಯಿಂದ ತಮ್ಮ ರಾಶಿಗೆ 7,326 ಮೌಲ್ಯದ ಮತ. ಆಗ ಸಂಸತ್ ಸದಸ್ಯರೊಬ್ಬರ ಮತದ ಮೌಲ್ಯ 576 ಇತ್ತು. ಹದಿಮೂರು ಸಂಸದರು ಮನಸ್ಸು ಬದಲಿಸಿದ್ದರೆ ಸಾಕಿತ್ತು. ಮೈಸೂರು ರಾಜ್ಯದ ಶಾಸಕರ ಲೆಕ್ಕದಲ್ಲಾದರೆ (1961ರ ಜನಗಣತಿ, 216 ಸ್ಥಾನ, ತಲಾ 109) 68 ಮಂದಿ ಬೇಕಾಗುತ್ತಿತ್ತು. ಮಂಗಳೂರು ಕ್ಷೇತ್ರದ ಆಗಿನ ಲೋಕಸಭಾ ಸದಸ್ಯ ಸಿ.ಎಂ. ಪೂಣಚ್ಚನವರ ಮತವೂ ಆ 576ರದ್ದೇ. ಅದು ಯಾರಿಗೆ ಬಿತ್ತೆಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಸಂವಿಧಾನದ 55ನೇ ವಿಧಿ ಈ ಮತದಾನವನ್ನು ಗುಪ್ತವಾಗಿಟ್ಟಿದೆ.

ಇಷ್ಟು ಒಪ್ಪಿದರೆ ಎಸ್. ನಿಜಲಿಂಗಪ್ಪನವರ ಮೇಲಿನ ಹಳೆಯ ಆರೋಪವನ್ನೂ ಮತ್ತೆ ತೂಗಬೇಕಾಗುತ್ತದೆ. 1969ರ ಜುಲೈನಲ್ಲಿ ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಪಕ್ಷದ ಅಭ್ಯರ್ಥಿಯಾಗಿ ರೆಡ್ಡಿಯವರ ಹೆಸರು ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ಗೊತ್ತಾಗಿತ್ತು. ಮುಂದೆ ಕಾಂಗ್ರೆಸ್ ಅಧ್ಯಕ್ಷ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡು, ನಿಮ್ಮ ದೇಶಮುಖರಿಗೆ ಮೊದಲ ಮತ ಹಾಕಿ, ಎರಡನೆಯದನ್ನು ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಈ ಭೇಟಿಯನ್ನು ಮೂರ್ಖತನವೆಂದು, ಎರಡನೇ ಪ್ರಾಶಸ್ತ್ಯದ ಲೆಕ್ಕಾಚಾರ ಅವರಿಗೆ ಕೈಕೊಟ್ಟಿತೆಂದು ಬರೆಯುವುದು ವಾಡಿಕೆಯಾಗಿದೆ. ಅಂಕಿಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಅವರು ಕೇಳಿದ್ದು ಸಿಕ್ಕಿತು, ಮುಕ್ಕಾಲು ಪಾಲು ಸಿಕ್ಕಿತು. ಅವರು ಸೋತದ್ದು ಬೇರೆಡೆ. ಆ ಭೇಟಿಗಳನ್ನೇ ಹಿಡಿದುಕೊಂಡು ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹಮದ್ ನಿಜಲಿಂಗಪ್ಪನವರಿಂದ ವಿವರಣೆ ಕೇಳಿದರು. ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಸಹಿ ಹಾಕಿದ್ದ ಇಂದಿರಾ ಗಾಂಧಿಯವರಿಗೆ ವಿಪ್ ಕೊಡದಿರಲು, ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಡಲು ನೆಪ ಸಿಕ್ಕಿತು. ಕಾಂಗ್ರೆಸಿಗರ ಮೊದಲ ಪ್ರಾಶಸ್ತ್ಯವೇ ಒಡೆದು ಹೋಯಿತು. ಎರಡನೆಯದನ್ನು ಗಳಿಸಲು ಹೋಗಿ ಮೊದಲನೆಯದನ್ನು ಕಳೆದುಕೊಂಡರು ಎಂದರೆ ಅದು ಸರಿಯಾದ ಟೀಕೆ. ಕರ್ನಾಟಕದ ಏಕೀಕರಣಕ್ಕೆ ದುಡಿದ ಅವರಂಥವರ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಆದರೆ 91,879 ಎಂಬ ಅಂಕಿ ನನ್ನ ಪಕ್ಷಪಾತದಿಂದ ಹುಟ್ಟಿದ್ದಲ್ಲ.

ಒಂದು ಮಾತನ್ನು ಮಾತ್ರ ತಡೆದು ಹೇಳಬೇಕು. ದೇಶಮುಖರ ಮತಗಳೆಲ್ಲ ಆ ಎರಡು ಪಕ್ಷಗಳಿಂದಲೇ ಬಂದವು ಎನ್ನುವುದು ಊಹೆ. ಬಲವಾದ ಊಹೆ, ಆದರೂ ಊಹೆಯೇ.

ಇನ್ನು ಅಮೆರಿಕದ ನಕಲು ಎಂಬ ಮಾತು. 1824ರಲ್ಲಿ ಅಲ್ಲಿಯೂ ಯಾರಿಗೂ ಬಹುಮತ ಬರಲಿಲ್ಲ. 261 ಎಲೆಕ್ಟರ್ ಮತಗಳಲ್ಲಿ ಆಂಡ್ರ್ಯೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ಕ್ಲೇಗೆ ಮತ ಹಾಕಿದ ಎಲೆಕ್ಟರ್‌ಗಳನ್ನು ಯಾರೂ ಎರಡನೇ ಸಲ ಕೇಳಲಿಲ್ಲ. 1804ರ ಹನ್ನೆರಡನೇ ತಿದ್ದುಪಡಿಯಂತೆ ವಿಷಯ ಪ್ರತಿನಿಧಿ ಸಭೆಗೆ ಹೋಯಿತು; ಅಲ್ಲಿ ರಾಜ್ಯಕ್ಕೊಂದು ಮತ. 24 ರಾಜ್ಯಗಳಲ್ಲಿ 13 ಆಡಮ್ಸ್ ಪಾಲಾದವು, ಮುಂದಿದ್ದ ಜಾಕ್ಸನ್ ಸೋತರು, ಕ್ಲೇ ವಿದೇಶಾಂಗ ಕಾರ್ಯದರ್ಶಿಯಾದರು. ನಮ್ಮಲ್ಲಿ ಅದೇ ಮತಪತ್ರವೇ ಎರಡನೇ ಸಲ ಮಾತಾಡುತ್ತದೆ, ಮೂರನೆಯವರ ಕೈಗೆ ಹೋಗುವುದಿಲ್ಲ. ಅಲ್ಲಿ ಮೈನ್ ಮತ್ತು ನೆಬ್ರಾಸ್ಕ ಬಿಟ್ಟರೆ ರಾಜ್ಯ ಗೆದ್ದವರಿಗೆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು. ಜನಮತ ಮತ್ತು ಎಲೆಕ್ಟರ್ ಮತ ಬೇರೆಬೇರೆ ದಿಕ್ಕಿಗೆ ಹೋಗುವುದು ಅದರಿಂದ. ನಮ್ಮಲ್ಲಿ ಶಾಸಕರ ಮತಗಳು ಹಾಗೆ ರಾಜ್ಯವಾರು ಗಂಟು ಕಟ್ಟಿಕೊಳ್ಳುವುದಿಲ್ಲ. ಗಿರಿ ಯಾವ ಲೆಕ್ಕದಲ್ಲೂ ಹಿಂದುಳಿದವರಾಗಿರಲಿಲ್ಲ.

ಅಮೆರಿಕದ ಎಲೆಕ್ಟರ್‌ಗೆ ಹೋಲಿಕೆ ಬೇಕಿದ್ದರೆ ದೆಹಲಿಗೆ ಹೋಗಬೇಕಿಲ್ಲ, ದೇರೆಬೈಲ್‌ನಲ್ಲೇ ಇದೆ. ದೇರೆಬೈಲ್ ದಿಕ್ಕಿನ ಹೆಸರು ಹೊತ್ತ ಹಲವು ವಾರ್ಡುಗಳಾಗಿ ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲಿ ಸೇರಿದೆ. ಇಲ್ಲಿನವರು ಮೇಯರ್‌ಗೆ ಮತ ಹಾಕುವುದಿಲ್ಲ, ಕಾರ್ಪೊರೇಟರ್‌ಗೆ ಹಾಕುತ್ತಾರೆ. ಕಾರ್ಪೊರೇಟರ್‌ಗಳು, ಜೊತೆಗೆ ಶಾಸಕರು, ಸಂಸದರು, ಸಭೆಯಲ್ಲಿ ಕೈ ಎತ್ತಿ ಮೇಯರ್‌ರನ್ನು ಆರಿಸುತ್ತಾರೆ. ಪಕ್ಷದ ವಿಪ್ ಮೀರಿದರೆ 1987ರ ರಾಜ್ಯ ಕಾಯ್ದೆಯಂತೆ ಸದಸ್ಯತ್ವ ಹೋಗುತ್ತದೆ. 2019ರ ನವೆಂಬರ್‌ನಲ್ಲಿ ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2 ಎಂದು ಫಲಿತಾಂಶ ಬಂದ ದಿನವೇ ಮೇಯರ್ ಯಾವ ಪಕ್ಷದವರೆಂಬುದು ನಿಶ್ಚಯವಾಗಿತ್ತು. ಮೀಸಲಾತಿಯ ಸರದಿ ಹೆಸರನ್ನಷ್ಟೇ ಬದಲಿಸುತ್ತಾ ಹೋಯಿತು, ಐದು ವರ್ಷಕ್ಕೆ ಐವರು. ಅಮೆರಿಕದ 538 ಎಲೆಕ್ಟರ್‌ಗಳ ಸ್ಥಿತಿಯೂ ಈ ಕಾರ್ಪೊರೇಟರ್‌ಗಳಂತೆಯೇ. 2016ರಲ್ಲಿ ಪಕ್ಷದ ಮಾತು ಮೀರಿ ಮತ ಹಾಕಿದ ವಾಷಿಂಗ್ಟನ್ ರಾಜ್ಯದ ಎಲೆಕ್ಟರ್‌ಗಳಿಗೆ ದಂಡ ಬಿತ್ತು. ರಾಜ್ಯಗಳಿಗೆ ಹಾಗೆ ಕಟ್ಟಿಹಾಕುವ ಅಧಿಕಾರವಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರ ಜುಲೈ 6ರಂದು ಒಮ್ಮತದಿಂದ ಹೇಳಿತು. ಎಲೆಕ್ಟರ್ ಸ್ವಂತ ವಿವೇಚನೆಯಿಂದ ಆರಿಸಬೇಕೆಂದು ಅಮೆರಿಕದ ಸಂವಿಧಾನ ರೂಪಿಸಿದವರಲ್ಲೊಬ್ಬರಾದ ಹ್ಯಾಮಿಲ್ಟನ್ ಬಯಸಿದ್ದು ಅಲ್ಲಿ ಉಳಿಯಲಿಲ್ಲ. ಅದು ನಿಜಕ್ಕೂ ನಡೆದದ್ದು 1969ರ ಆಗಸ್ಟ್ 16ರ ಮತದಾನದಂದು, ನಮ್ಮಲ್ಲಿ. ಆ ವಿವೇಚನೆಯ ಹಿಂದೆ ಎಷ್ಟು ಆತ್ಮಸಾಕ್ಷಿ, ಎಷ್ಟು ಒತ್ತಡ ಇತ್ತೆಂಬುದು ಬೇರೆ ಚರ್ಚೆ. ರೆಡ್ಡಿಯವರ ವಿರುದ್ಧ ಹಂಚಿದ ಅನಾಮಧೇಯ ಕರಪತ್ರದ ಪ್ರಕರಣದಲ್ಲಿ ರಾಷ್ಟ್ರಪತಿ ಗಿರಿಯವರೇ ಸುಪ್ರೀಂ ಕೋರ್ಟಿನ ಮುಂದೆ ಸಾಕ್ಷ್ಯ ಹೇಳಿದರು, ಅವರ ಆಯ್ಕೆಯನ್ನು ಪ್ರಶ್ನಿಸಿದ್ದ ಅರ್ಜಿ ವಜಾ ಆಯಿತು.

ನಕಲಿನ ವಾದಕ್ಕೆ ಬೆಂಬಲವಾಗಿ ಬಿ.ಎನ್. ರಾವ್ ಅವರ ಹೆಸರನ್ನು ಎಳೆದು ತರುವುದುಂಟು. ಮಂಗಳೂರಿನಲ್ಲಿ ಹುಟ್ಟಿ ಕೆನರಾ ಹೈಸ್ಕೂಲಿನಲ್ಲಿ ಓದಿದ ರಾವ್ ಸಂವಿಧಾನ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿದ್ದರು, ನಿಜ. ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆದರೆ ಅವರು ಹೊರಟದ್ದು ಶರತ್ಕಾಲದಲ್ಲಿ. ಸಂಸತ್ತು ಮತ್ತು ಶಾಸನಸಭೆಗಳ ಸದಸ್ಯರ ಮತದಾರ ಮಂಡಲ, ಜನಸಂಖ್ಯೆಗೆ ತಕ್ಕ ಮತಮೌಲ್ಯ, ಇವೆರಡೂ ಯೂನಿಯನ್ ಸಂವಿಧಾನ ಸಮಿತಿಯ ಜುಲೈ ವರದಿಯಲ್ಲೇ ಇವೆ. ಆ ವರದಿಯೂ ಅದರ ಹಿಂದಿನ ಟಿಪ್ಪಣಿಗಳೂ ಅವರ ತಮ್ಮ ಬಿ. ಶಿವರಾವ್ ಸಂಪಾದಿಸಿದ ಸಂವಿಧಾನ ರಚನೆಯ ದಾಖಲೆ ಸಂಪುಟಗಳಲ್ಲಿ ಅಚ್ಚಾಗಿವೆ. ಮಂಗಳೂರಿನ ಒಂದೇ ಮನೆಯವರು ಮಾಡಿಟ್ಟ ಕೆಲಸವನ್ನು ಮಂಗಳೂರಿನ ವಿದ್ವಾಂಸರೇ ತೆರೆದು ನೋಡದಿರುವುದು ನನಗೆ ಸಹಿಸಲಾಗದ ಸಂಗತಿ.

ಪಠ್ಯ ಬರೆಯುವವರಲ್ಲಿ ನನ್ನ ಕೋರಿಕೆ ಒಂದೇ. "ಎರಡನೇ ಪ್ರಾಶಸ್ತ್ಯದಿಂದ ಗೆದ್ದರು" ಎಂಬುದನ್ನು ತೆಗೆದು, "ಎರಡೂ ಎಣಿಕೆಗಳಲ್ಲಿ ಮುಂದಿದ್ದ ಗಿರಿ, ಎರಡನೇ ಪ್ರಾಶಸ್ತ್ಯದ ಬಹುಪಾಲು ಎದುರಾಳಿಗೆ ಹೋದರೂ ಗೆದ್ದರು" ಎಂದು ಹಾಕಿ. ಅಂದು ಸೋತ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಅಲ್ಲಿಯವರೆಗೆ ಹಂಗಾಮಿಯಾಗಿ ಆ ಸ್ಥಾನದಲ್ಲಿದ್ದವರು ನಮ್ಮ ಬಿ.ಡಿ. ಜತ್ತಿ. 1969ರ ನಂತರ ಯಾವ ರಾಷ್ಟ್ರಪತಿ ಚುನಾವಣೆಯಲ್ಲೂ ಎರಡನೇ ಪ್ರಾಶಸ್ತ್ಯವನ್ನು ಎಣಿಸುವ ಪ್ರಮೇಯ ಬಂದಿಲ್ಲ.