ಉದ್ಯಮದೊಳಗಿನ ಜ್ಞಾನವಿನಿಮಯ: ಬೆಂಗಳೂರಿನ ಒಂದು ನಿದರ್ಶನ

ಕಸುಬಿನ ಅರಿವು ಕಸುಬುದಾರನೊಡನೆಯೇ ಹೊರಟುಹೋಗುವುದು ಹಳೆಯ ಸಮಸ್ಯೆ. ಕಮ್ಮಾರನ ಕುಲುಮೆಯಲ್ಲಿ ಅದು ತಂದೆಯಿಂದ ಮಗನಿಗೆ ಸಲ್ಲುತ್ತಿದ್ದಿತು. ನೌಕರರು ಬಂದುಹೋಗುವ ಗಣಕೋದ್ಯಮದಲ್ಲಿ ಅಂತಹ ಪರಂಪರೆಯಿಲ್ಲ. ಈ ಕೊರತೆಯನ್ನು ನೀಗಿಸಲು ಇನ್ಫೋಸಿಸ್ ಸಂಸ್ಥೆಯು ಕೈಗೊಂಡ ಪ್ರಯತ್ನವು ಪರಿಶೀಲನಾರ್ಹವಾಗಿದೆ.

1981ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಈ ಸಂಸ್ಥೆಯು 1992ರಲ್ಲಿ ನೌಕರರ ಅನುಭವಗಳನ್ನು ಬರೆಯಿಸಿ ಸಂಗ್ರಹಿಸತೊಡಗಿತು. ಮುಂದೆ ಆಂತರಿಕ ಗಣಕಜಾಲದಲ್ಲಿ ‘ಕೆ-ಶಾಪ್’ ಎಂಬ ಜ್ಞಾನಭಂಡಾರವು ತೆರೆಯಿತು. 2001ರಲ್ಲಿ, ಬರೆದವರಿಗೂ ಬರಹವನ್ನು ಪರಿಶೀಲಿಸಿದವರಿಗೂ ‘ನಾಲೆಜ್ ಕರೆನ್ಸಿ ಯೂನಿಟ್’ ಎಂಬ ಅಂಕಗಳನ್ನು ಕೊಡುವ ಪದ್ಧತಿ ಜಾರಿಗೆ ಬಂದಿತು. ಕೂಡಿಟ್ಟ ಅಂಕಗಳಿಗೆ ಬಹುಮಾನ ದೊರೆಯುತ್ತಿದ್ದಿತು.

ಬರಹಗಳೇನೋ ರಾಶಿರಾಶಿಯಾಗಿ ಬಂದವು. ಆದರೆ ಕಾಳಿನೊಡನೆ ಜೊಳ್ಳೂ ಬೆಳೆಯಿತು. ಪರಿಶೀಲಕರ ಹೊರೆ ಹೆಚ್ಚಿತು. ಅಂಕಗಳ ಪ್ರಾಮಾಣ್ಯದಲ್ಲಿಯೇ ಸಂದೇಹ ಹುಟ್ಟಿತು. ಬೇಕಾದುದನ್ನು ಹುಡುಕುವವನಿಗೆ ಭಂಡಾರದ ಸಮೃದ್ಧಿಯೇ ತೊಡಕಾಯಿತು.

2002ರಲ್ಲಿ ಸಂಸ್ಥೆಯು ಈ ಪದ್ಧತಿಯನ್ನು ತಿದ್ದಿತು. ಬರಹವನ್ನು ಕೆಲಸದಲ್ಲಿ ಬಳಸಿದವರ ಅಭಿಪ್ರಾಯಕ್ಕೆ ಹೆಚ್ಚಿನ ತೂಕ ದೊರೆಯಿತು. ಧನಕ್ಕಿಂತ ಮನ್ನಣೆಗೆ ಪ್ರಾಶಸ್ತ್ಯ ಬಂದಿತು. ಯಂತ್ರವು ಬರಹವನ್ನು ಕ್ಷಣಮಾತ್ರದಲ್ಲಿ ತಲುಪಿಸಬಲ್ಲದು. ಓದುವವನಲ್ಲಿ ಅದರ ಬಗ್ಗೆ ನಂಬಿಕೆಯನ್ನು ಹುಟ್ಟಿಸಲು ಸಹೋದ್ಯೋಗಿಯ ಅನುಭವವೇ ಬೇಕು. ಇಂದು ಇಂತಹ ಜಾಲಗಳನ್ನು ಕಟ್ಟುವ ಸಂಸ್ಥೆಗಳೂ ವಿದ್ಯಾಲಯಗಳೂ ಈ ಅಂಶವನ್ನು ಮೊದಲೇ ಪರ್ಯಾಲೋಚಿಸುವುದು ಯುಕ್ತ.